ಸಕ್ರಪ್ಪನ ಮನೆಗೆ ಮಾತು ಬಂದದ್ದು

ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗ ನಿಂತರೆ ತೊಟ್ಟಿಲ ಕೂಸು ಎಚ್ಚರಾಗಿ ಅಳುತ್ತದೆ. ಹೊರಗಿನವರಿಗೆ ಇದು ಚೇಷ್ಟೆಯ ಮಾತು ಅನಿಸಬಹುದು, ಆದರೆ ಖರೆ. ಕರೆಂಟಿನ ಮಗ್ಗ ಬಡಿಯುವ ಸಪ್ಪಳದಲ್ಲಿ ಹುಟ್ಟಿದ ಮಕ್ಕಳಿಗೆ ಅದೇ ಜೋಗುಳ. ಬೆಳೆದ ನಮಗೂ ಅಷ್ಟೇ, ಸಪ್ಪಳ ನಿಂತರೆ ಯಾರೋ ಸತ್ತಿದ್ದಾರೆ ಅಂತ ಬಾಗಿಲಿಗೆ ಬಂದು ನೋಡುತ್ತೇವೆ.

ಆ ಸಪ್ಪಳದೊಳಗೆ ಬಾಯಿ ತೆರೆದು ಉಪಯೋಗವಿಲ್ಲ. ಕಿವಿಯ ಹತ್ತಿರ ಬಾಯಿ ಇಟ್ಟು ಒದರಿದರೂ ಅರ್ಧ ಮಾತು ಗಾಳಿಗೆ ಹೋಗುತ್ತದೆ. ಅದಕ್ಕೆ ನಮ್ಮ ಹಿರಿಯರು ಕೈಸನ್ನೆ ಮಾಡಿಕೊಂಡರು, ನಾವು ಅದನ್ನೇ ಕಲಿತೆವು. ಎರಡು ಕೈಯ ಬೆರಳು ಕೂಡಿಸಿ ಎಳೆದು ಬಿಟ್ಟರೆ ದಾರ ಹರಿದಿದೆ ಎಂದು. ಹೆಬ್ಬೆರಳು ಬಾಯಿಗೆ ತೋರಿದರೆ ನೀರು. ಮೀಸೆ ತಿರುವಿದರೆ ಸಾವ್ಕಾರ ಬಂದ ಎಂದು. ಈಗಿನ ಸಾವ್ಕಾರ ಯಂಕಪ್ಪನಿಗೆ ಮೀಸೆಯೇ ಇಲ್ಲ, ಅದು ಅವರಪ್ಪನ ಮೀಸೆ. ಮುದುಕ ತೀರಿಕೊಂಡರೂ ಅವನ ಮೀಸೆ ನಮ್ಮ ಕೈಯಲ್ಲಿ ಉಳಿದುಬಿಟ್ಟಿದೆ.

ಈ ಮಗ್ಗದ ಮನೆಯಲ್ಲಿ ನನ್ನ ಬಗಲಿನ ಮಗ್ಗ ನಡೆಸುವವನು ಸಕ್ರಪ್ಪ. ಹರ್ತಿಯವನು. ಅವನ ಅಣ್ಣಂದಿರೆಲ್ಲ ಊರಲ್ಲಿ ಹೊಲ ಮಾಡಿಕೊಂಡಿದ್ದಾರೆ. ಇವನೊಬ್ಬ ಸಣ್ಣವನಿದ್ದಾಗಲೇ ಸೋದರಮಾವನ ಬೆನ್ನು ಹತ್ತಿ ಬೆಟಗೇರಿಗೆ ಬಂದು ಮಗ್ಗಕ್ಕೆ ನಿಂತ, ಇಲ್ಲಿಯೇ ಉಳಿದ. ಓಣಿಯವರು ಇವನಿಗೆ ನಗೂ ಸಕ್ರಪ್ಪ ಅನ್ನುತ್ತಾರೆ. ಹೊಗಳಿದರೆ ನಗುತ್ತಾನೆ, ಬೈದರೂ ನಗುತ್ತಾನೆ. ಏನು ಕೇಳಿದರೂ "ಹೂಂ" ಅನ್ನುತ್ತಾನೆ. ನಾನು, ಅಂದಪ್ಪ, ಸಿಟ್ಟಿನವನು. ನಾನು ನಾಲ್ಕು ಮಾತು ಆಡಿದರೆ ಎದುರಿನವನು ಎರಡಾದರೂ ಆಡಬೇಕು, ಇಲ್ಲದಿದ್ದರೆ ನನ್ನ ತಲೆ ಕಾಯುತ್ತದೆ. ಸಕ್ರಪ್ಪನ ನಗು ನೋಡಿ ನನ್ನ ತಲೆ ಕಾದದ್ದು ಎಷ್ಟು ಸಲವೋ.

ಅವನ ಹೆಂಡತಿ ಚನ್ನಮ್ಮ, ಅಂತೂರ ಬೆಂತೂರ ಎಂಬ ಊರಿನವಳು. ಮಗ್ಗದ ಮನೆಯ ಹಿಂಬದಿಯ ಖೋಲಿಯಲ್ಲೇ ಅವರ ಸಂಸಾರ. ಗೋಡೆಯ ಆಚೆ ಮಗ್ಗ ಬಡಿಯುತ್ತದೆ, ಈಚೆ ಚನ್ನಮ್ಮ ಕಂಡಿಕೆಗೆ ನೂಲು ಸುತ್ತುವ ಯಂತ್ರದ ಮುಂದೆ ಕುಂತಿರುತ್ತಾಳೆ. ಅವರಿಗೆ ಒಬ್ಬಳೇ ಮಗಳು, ಅಂಕಿತಾ.

ನಮ್ಮ ಕಾಲದಲ್ಲಿ ಮನೆಯೊಳಗೆ ಮಾತು ಹುಟ್ಟುತ್ತಿದ್ದದ್ದು ಕರೆಂಟು ಹೋದಾಗ. ಆಗ ದಿನಾ ಹೋಗುತ್ತಿತ್ತು. ಮಗ್ಗ ನಿಂತಿತೆಂದರೆ ಎಲ್ಲರೂ ಕಟ್ಟೆಗೆ ಬಂದು ಕುಂತು ಬಾಯಿ ಬಿಚ್ಚುತ್ತಿದ್ದೆವು. ಕಥೆ, ಜಗಳ, ಒಗಟು, ಬೈಗುಳ, ಊರ ಖಬರು ಎಲ್ಲ ಆ ಹೊತ್ತಿನಲ್ಲೇ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ಇಷ್ಟಾದರೂ ಮಾತು ಇರುವುದು ಆ ಕತ್ತಲೆಯ ಪುಣ್ಯದಿಂದ. ಈಗ ಕರೆಂಟು ಹೋಗುವುದು ಅಪರೂಪ. ಒಳ್ಳೆಯದೇ ಆಯಿತು ಅಂತ ನಾವು ಖುಷಿಪಟ್ಟೆವು. ಅಂಕಿತಾ ಅಂಬೆಗಾಲಿಡುವ ಹೊತ್ತಿಗೆ ಕೊರೊನಾ ಬಂದು ಅಂಗನವಾಡಿಯೂ ಮುಚ್ಚಿತು, ಮತ್ತೆ ತೆರೆದ ಮೇಲೂ ಅವಳನ್ನು ಅಲ್ಲಿಗೆ ಬಿಟ್ಟುಬರುವ ಪುರುಸೊತ್ತು ಯಾರಿಗೂ ಆಗಲಿಲ್ಲ. ಕೂಸಿಗೆ ಇದ್ದದ್ದು ಮಗ್ಗ ಒಂದೇ.

ಆದರೆ ಹುಡುಗಿ ಭಾಳ ಚುರುಕು. ನಡೆಯಲು ಬಂದ ಮೇಲೆ ಮಗ್ಗಗಳ ನಡುವೆ ಓಡಾಡುತ್ತ ನಮ್ಮ ಸನ್ನೆಗಳನ್ನೆಲ್ಲ ಎತ್ತಿಕೊಂಡಳು. ಯಂಕಪ್ಪ ಬಾಗಿಲಲ್ಲಿ ಕಂಡರೆ ಎಲ್ಲರಿಗಿಂತ ಮೊದಲು ಮೀಸೆ ತಿರುವುವವಳು ಅವಳೇ. ನಾವು ನಕ್ಕು ನಕ್ಕು ಅವಳ ಕೈಗೆ ಬೆಲ್ಲ ಕೊಡುತ್ತಿದ್ದೆವು. ಹುಟ್ಟಾ ಮಗ್ಗದವಳು ಅಂದೆವು. ಬಾಯಿಂದ ಅಪ್ಪ, ಅವ್ವ, ಬೇಕು, ಒಲ್ಲೆ ಇಂಥವು ಬಿಟ್ಟರೆ ಮಾತು ಬರುತ್ತಿರಲಿಲ್ಲ. ಯಾರಿಗೂ ಅದು ಕಾಣಲಿಲ್ಲ. ಕೇಳಿದ್ದಕ್ಕೆಲ್ಲ ಕೈಯಲ್ಲಿ ಉತ್ತರ ಕೊಡುವ ಕೂಸಿಗೆ ಮಾತು ಬರುವುದಿಲ್ಲ ಅಂತ ನಮಗೆ ಹೊಳೆಯುವುದಾದರೂ ಹೇಗೆ?

ಹೊಳೆಯಿಸಿದವಳು ಗುಲಾಬಬಿ. ಅವಳು ಬೆಟಗೇರಿ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು. ಅವಳ ಮೊಮ್ಮಗಳು ರುಹಿ, ನಮ್ಮ ಅಂಕಿತಾ ಇಬ್ಬರೂ ಆ ವರ್ಷ ಒಂದನೇ ಇಯತ್ತೆಗೆ ಸೇರಿದ್ದರು. ಒಂದು ದಿನ ಮಧ್ಯಾಹ್ನ ಗುಲಾಬಬಿ ರುಹಿಯ ಕೈ ಹಿಡಿದು ಎಳೆದುಕೊಂಡು ಮಗ್ಗದ ಮನೆಗೇ ನುಗ್ಗಿದಳು. ಅವಳ ಬಾಯಿ ಆಡುವುದು ಕಾಣುತ್ತಿತ್ತು, ಒಂದು ಅಕ್ಷರ ಕೇಳುತ್ತಿರಲಿಲ್ಲ. ಕೊನೆಗೆ ಎಲ್ಲರನ್ನೂ ಅಂಗಳಕ್ಕೆ ಕರೆದಳು.

"ನೋಡ್ರಿ ಇಲ್ಲಿ," ಎಂದು ರುಹಿಯ ತೋಳು ಎತ್ತಿ ತೋರಿಸಿದಳು. ಹಲ್ಲಿನ ಗುರುತು ಕೆಂಪಗೆ ಮೂಡಿತ್ತು. "ನಾಯಿ ಕಡದೈತೇನೋ ಅಂದಕೊಂಡೆ. ನಾಯಿ ಅಲ್ಲಂತ, ನಿಮ್ಮ ಮಗಳಂತ. ಮನ್ಯಾಗ ಊಟಕ್ಕ ಏನೂ ಹಾಕೂದಿಲ್ಲೇನು ಚನ್ನವ್ವ?"

ಚನ್ನಮ್ಮ ಮಗಳ ಬೆನ್ನಿಗೆ ಒಂದು ಗುದ್ದಿದಳು. "ಯಾಕ ಕಡದಿ? ಹೇಳ. ಯಾಕ ಕಡದಿ?"

ಅಂಕಿತಾ ಅಳಲಿಲ್ಲ. ಕೊರಳು ಮುಟ್ಟಿಕೊಂಡಳು, ರುಹಿಯ ಕಡೆ ತೋರಿದಳು, ಎರಡೂ ಕೈಯ ಬೆರಳು ಕೂಡಿಸಿ ಎಳೆದು ಬಿಟ್ಟಳು. ಮತ್ತೆ ಅದನ್ನೇ ಮಾಡಿದಳು.

"ಏನದು ಭರತನಾಟ್ಯ?" ಅಂದಳು ಗುಲಾಬಬಿ.

ನನಗೆ ತಿಳಿಯಿತು. "ದಾರ ಹರದೈತಿ ಅನ್ನಾಕತ್ತಾಳ. ಕೊರಳಾಗಿನ ಮಣಿ ಸರ ನಿನ್ನ ಮೊಮ್ಮಗಳು ಹರದಾಳ."

ಗುಲಾಬಬಿ ರುಹಿಯ ಕಡೆ ತಿರುಗಿದಳು. ರುಹಿ ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತ ನಿಂತಿದ್ದಳು. "ಈಕಿ ಸಾಲ್ಯಾಗ ಅಕ್ಕೋರ ಮುಂದ ಹಿಂಗ ಕೈ ಮಾಡಿದ್ಲು ನಾನಿ," ಅಂದಳು. "ಅಕ್ಕೋರು ಸುಮ್ಮ ಕುಂಡ್ರು ಅಂದ್ರು. ಎಲ್ಲಾರೂ ನಕ್ರು. ಆಮ್ಯಾಲ ಕಡದ್ಲು."

ಗುಲಾಬಬಿ ಜಗಳ ಅಲ್ಲಿಗೇ ಬಿಟ್ಟಳು. ಅಂಕಿತಾಳ ಎದುರು ಕುಕ್ಕರಗಾಲಲ್ಲಿ ಕುಂತು ಗದ್ದ ಹಿಡಿದು ಎತ್ತಿದಳು. "ಕೈಲೆ ಎಷ್ಟ ಛಂದ ಹೇಳತೀ ನನ್ನವ್ವ. ಬಾಯಿ ಎಲ್ಲಿ ಇಟ್ಟ ಬಂದಿ?"

ಸಕ್ರಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ. ಮಗಳು ಈ ಪರಿ ಮಾತು ಕೇಳುವ ಹೊತ್ತಿನಲ್ಲಿ ಅಪ್ಪ ಅನಿಸಿಕೊಂಡವನು ನಗುತ್ತಾನಲ್ಲ ಅಂತ ನನಗೆ ಮೈಯೆಲ್ಲ ಉರಿಯಿತು.

ನನ್ನ ಸಿಟ್ಟಿನ ಬಗ್ಗೆ ಒಂದು ಮಾತು ಹೇಳುತ್ತೇನೆ. ಸಿಟ್ಟು ಬಂದಾಗ ಮಾತು ಸಿಕ್ಕರೆ ಬೈದು ಹಗುರಾಗುತ್ತೇನೆ, ಸಿಗದಿದ್ದರೆ ಕೈಗೆ ಸಿಕ್ಕಿದ್ದನ್ನು ಎಸೆಯುತ್ತೇನೆ. ಮಾತು ತೀರಿದಲ್ಲಿ ಹಲ್ಲು ಶುರುವಾಗುತ್ತದೆ. ಆರು ವರ್ಷದ ಕೂಸಿಗೂ ಅಷ್ಟೇ. ಅವಳ ಹತ್ತಿರ "ನನ್ನ ಸರ ಹರಿದಳು" ಎಂಬಷ್ಟು ಮಾತು ಇದ್ದಿದ್ದರೆ ರುಹಿಯ ತೋಳು ಉಳಿಯುತ್ತಿತ್ತು.

ಮರುದಿನ ಸಾಲಿಯಿಂದ ಕರೆ ಬಂತು. ಸಕ್ರಪ್ಪ, ಚನ್ನಮ್ಮ ಹೋದರು, ಮಾತಾಡಲು ಒಬ್ಬರಿರಲಿ ಅಂತ ನನ್ನನ್ನೂ ಕರೆದೊಯ್ದರು. ಅಕ್ಕೋರು ಕೆಟ್ಟವರಲ್ಲ. ಖೋಲಿ ತುಂಬ ಮಕ್ಕಳು, ಅವರೊಬ್ಬರೇ.

"ಹಾಡ ಹೇಳಿಕೊಟ್ರ ಹೇಳೂದಿಲ್ಲ. ಆಕಳ ಚಿತ್ರ ತೋರಿಸಿದ್ರ ಕೋಡು ಮಾಡಿ ತೋರಸತಾಳ," ಅಂದರು. "ನಾ ಅ ಆ ಕಲಸಬಹುದ್ರಿ. ಆದ್ರ ಅ ಅಂದ್ರ ಅಳಿಲು, ಆ ಅಂದ್ರ ಆಡು ಅನ್ನಬೇಕಾದ್ರ ಅಳಿಲು ಆಡು ಮೊದಲ ಆಕಿ ತಲ್ಯಾಗ ಇರಬೇಕಲ್ಲ. ಮಾತಽ ಇಲ್ಲದ ಕೂಸಿಗೆ ಅಕ್ಷರ ಎಲ್ಲಿ ತೂಗು ಹಾಕ್ಲಿ? ಕಿವಿ ತೋರಿಸಿಕೊಂಡ ಬರ್ರಿ. ಕಿವಿ ಕೇಳಸದಿದ್ರ ಅಂಥಾ ಮಕ್ಕಳ ಸಾಲಿ ಬ್ಯಾರೆ ಅದಾವ. ಅಲ್ಲೇ ಇರೂದು, ಅಲ್ಲೇ ಊಟ."

ಅಲ್ಲೇ ಇರುವುದು ಎಂಬ ಮಾತಿಗೆ ಚನ್ನಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ಗದಗಿನ ದೊಡ್ಡ ದವಾಖಾನೆಗೆ ಹೋದೆವು. ಡಾಕ್ಟರಮ್ಮ ಹುಡುಗಿಯ ಕಿವಿಗೆ ಯಂತ್ರ ಹಚ್ಚಿ ಸಣ್ಣ ಸಪ್ಪಳ, ದೊಡ್ಡ ಸಪ್ಪಳ ಎಲ್ಲ ಕೇಳಿಸಿದರು. ಅಂಕಿತಾ ಪ್ರತಿ ಸಲವೂ ಕೈ ಎತ್ತಿದಳು. "ಕಿವಿ ಬೆಳ್ಳಿಯಂಗ ಅದಾವ. ನಾಲಿಗಿನೂ ಚಲೋ ಐತಿ," ಅಂದರು. "ಈಕಿಗೆ ರೋಗ ಇಲ್ಲ, ಮಾತು ಕಡಿಮಿ ಬಿದ್ದಾವ. ಮಕ್ಕಳಿಗೆ ಮಾತು ತಾನಽ ಬರೂದಿಲ್ಲ, ಯಾರರ ಆಡಬೇಕು. ನೀವು ದಿನಾ ಈಕಿ ಜೋಡಿ ಎಷ್ಟೊತ್ತು ಮಾತಾಡ್ತೀರಿ?"

ಪ್ರಶ್ನೆ ಸಕ್ರಪ್ಪನಿಗೆ. ಅವನು ನಕ್ಕು "ಹೂನ್ರಿ" ಅಂದ.

"ಎಷ್ಟೊತ್ತು ಅಂತ ಕೇಳಿದೆ."

"ಹೂನ್ರಿ."

ಹೊರಗೆ ಬಂದ ಮೇಲೆ ಬಸ್ ನಿಲ್ದಾಣದ ತನಕ ಅವನನ್ನು ಬೈಯುತ್ತಲೇ ಬಂದೆ. ಅವನು ಮುಂದೆ ಮುಂದೆ ನಡೆದ, ತಿರುಗಿಯೂ ನೋಡಲಿಲ್ಲ.

ಡಾಕ್ಟರಮ್ಮ ಹೇಳಿದ್ದನ್ನು ಕೇಳಿ ಅಕ್ಕೋರು ದಸರಾ ಸೂಟಿ ಮುಗಿಯುವ ತನಕ ನೋಡೋಣ ಅಂದರು. ಸೂಟಿ ಮುಗಿಸಿ ಬಂದಾಗ ಹುಡುಗಿ ಕೇಳಿದ್ದಕ್ಕೆ ಬಾಯಿಂದ ಉತ್ತರ ಕೊಡಬೇಕು. ಕೊಟ್ಟರೆ ಇಲ್ಲೇ ಓದಲಿ. ಇಲ್ಲವಾದರೆ ಮೇಲಿನವರಿಗೆ ಬರೆಯುವುದು, ಅವರು ಎಲ್ಲಿಗೆ ಹೇಳುತ್ತಾರೋ ಅಲ್ಲಿಗೆ ಕಳಿಸುವುದು. ಅಂದರೆ ಹುಡುಗಿ ಮನೆ ಬಿಡುವುದು.

ಸೂಟಿ ಬಿದ್ದ ದಿನವೇ ಗುಲಾಬಬಿ ಬಂದು ಅಂಕಿತಾಳನ್ನು ಸಂತೆಗೆ ಕರೆದೊಯ್ದಳು. "ನನಗ ಮಾತಿನ ಬ್ಯಾಸರಕಿ ಇಲ್ಲ. ಇಡೀ ದಿನ ಒದರತೇನಿ, ಒಂದೀಟು ಈಕಿ ಕಿವ್ಯಾಗ ಬೀಳಲಿ," ಅಂದಳು. ಚನ್ನಮ್ಮನಿಗೆ ಮನಸ್ಸಿರಲಿಲ್ಲ. ಆದರೆ ಮನೆಯೊಳಗಿಂದ ಮಾತು ಎಲ್ಲಿಂದ ತರುವುದು?

ಸಂತೆಗೆ ನಾನೂ ಹೋಗಿ ಬರುತ್ತಿದ್ದೆ. ಗುಲಾಬಬಿಯ ಕಲಿಸುವ ರೀತಿ ವಿಚಿತ್ರ. ಹುಡುಗಿ ಗಜ್ಜರಿಯ ಕಡೆ ಬೆರಳು ತೋರಿಸಿದರೆ ಕೊಡುತ್ತಿರಲಿಲ್ಲ. ಗದ್ದ ಹಿಡಿದು ತನ್ನ ಕಡೆ ತಿರುಗಿಸಿ "ನನ್ನ ಬಾಯಿ ನೋಡು" ಅನ್ನುತ್ತಿದ್ದಳು. ಹೆಸರು ಹೇಳಿದರೆ ಸಿಗುತ್ತಿತ್ತು, ಇಲ್ಲದಿದ್ದರೆ ಇಲ್ಲ. ಮೊದಮೊದಲು ಹುಡುಗಿ ಸಿಟ್ಟಿಗೆದ್ದು ಹೊರಳಾಡಿದಳು. ಆಮೇಲೆ ಗಜ್ಜರಿ ಬಂತು, ಹೀರಿಕಾಯಿ ಬಂತು. ಎಲ್ಲ ಸೊಪ್ಪನ್ನೂ ಪಲ್ಲೆ ಅನ್ನುತ್ತಿದ್ದವಳು ಪುಂಡಿಪಲ್ಲೆ ಬೇರೆ, ರಾಜಗಿರಿ ಬೇರೆ ಅಂದಳು.

ಹೆಸರು ಬಂದ ಮೇಲೂ ಗುಲಾಬಬಿ ಬಿಡಲಿಲ್ಲ. "ಸೌತಿಕಾಯಿ ಅಂದ್ರ ಆತೇನು? ಎಂಥಾ ಸೌತಿಕಾಯಿ? ಎಳೀದೋ ಬಲತದ್ದೋ? ಬಾಡಿದ್ದೋ? ಕಹಿ ಐತೋ?" ಒಂದೊಂದನ್ನೂ ಮುಟ್ಟಿಸಿ, ಕಡಿಸಿ ಕೇಳುತ್ತಿದ್ದಳು. ಆಗ ನನಗೊಂದು ತಿಳಿಯಿತು. ಬಾಡಿದ್ದು ಎಂಬ ಮಾತು ಕಲಿತ ದಿನದಿಂದ ಆ ಹುಡುಗಿ ಬುಟ್ಟಿಯೊಳಗಿನ ಬಾಡಿದ್ದನ್ನು ಬೇರೆ ಇಡತೊಡಗಿದಳು. ಅದಕ್ಕೂ ಮೊದಲು ಅವಳ ಕಣ್ಣಿಗೆ ಅದು ಕಾಣುತ್ತಿರಲಿಲ್ಲವೋ, ಕಂಡರೂ ಹಿಡಿದುಕೊಳ್ಳಲು ಹಿಡಿಕೆ ಇರಲಿಲ್ಲವೋ. ಮಾತು ಅಂದರೆ ಹಿಡಿಕೆ ಇದ್ದಂಗೆ.

ಅಜ್ಜಿಯ ಜೋಡಿ ಸಂತೆಗೆ ಬರುತ್ತಿದ್ದ ರುಹಿ ಕಲಿಸಿದ ಮಾತುಗಳು ಬೇರೆ ತರದವು. ಒಂದು ದಿನ ನಾನು ಟೊಮೆಟೊ ಒತ್ತಿ ನೋಡುತ್ತಿದ್ದೆ, ಅಂಕಿತಾ ನನ್ನ ಕೈಗೆ ಹೊಡೆದು, "ತಗೊಂಡ್ರ ತಗೋ, ಹಿಚಕಬ್ಯಾಡ ಮುದುಕಾ," ಅಂದಳು. ಅವಳ ಬಾಯಿಂದ ನಾನು ಕೇಳಿದ ಮೊದಲನೆಯ ಇಡೀ ಮಾತು ಅದು. ಸಂತೆಯವರೆಲ್ಲ ನಕ್ಕರು. ನನಗೆ ಸಿಟ್ಟು ಬರಲಿಲ್ಲ.

ಆದರೆ ಮನೆಗೆ ಹೋದರೆ ಮತ್ತೆ ಮಗ್ಗ. ಸಂತೆಯಲ್ಲಿ ಕಲಿತದ್ದನ್ನು ಹೇಳಬೇಕೆಂದು ಅಂಕಿತಾ ಓಡಿ ಬರುತ್ತಿದ್ದಳು. ಅವ್ವನ ಮುಂದೆ ನೂಲಿನ ಯಂತ್ರ, ಅಪ್ಪನ ಮುಂದೆ ಮಗ್ಗ. ಅವಳ ಬಾಯಿ ಆಡುತ್ತಿತ್ತು, ಸ್ವಲ್ಪ ಹೊತ್ತಿಗೆ ನಿಲ್ಲುತ್ತಿತ್ತು, ಆಮೇಲೆ ಕೈ ಮೇಲೇಳುತ್ತಿತ್ತು. ಸಂತೆಯಲ್ಲಿ ಮುಂದೆ ಇಟ್ಟ ಹೆಜ್ಜೆ ಮಗ್ಗದ ಮನೆಯಲ್ಲಿ ಹಿಂದೆ ಬರುತ್ತಿತ್ತು. ಸೂಟಿ ಮುಗಿಯುತ್ತ ಬಂದಿತ್ತು. ಒಂದು ದಿನ ನನಗೆ ತಡೆಯಲಾಗಲಿಲ್ಲ. ಹೋಗಿ ದೊಡ್ಡ ಬಟನ್ ಕೆಳಗೆಳೆದೆ. ಮಗ್ಗವೆಲ್ಲ ಒಮ್ಮೆಲೇ ನಿಂತವು.

ಯಂಕಪ್ಪ ಓಡಿ ಬಂದ. "ಯಾವನಲೇ ಬಂದ್ ಮಾಡಿದಾಂವ?"

"ನಾನ್ರಿ ಸಾವ್ಕಾರ್ರ. ಉಣ್ಣೂ ಹೊತ್ತಿನ್ಯಾಗರ ಬಂದ್ ಇರಲಿ. ಆ ಕೂಸು ಅಪ್ಪನ ಜೋಡಿ ನಾಕ ಮಾತು ಆಡ್ಲಿ."

"ನಿನ್ನ ಮಗಳೇನು?"

"ನನ್ನ ಮಗಳಾಗಿದ್ರ ಬಟನ್ ಕಿತ್ತ ಕೈಯಾಗ ಕೊಡ್ತಿದ್ದೆ."

ಯಂಕಪ್ಪ ನನ್ನನ್ನು ಬಹಳ ವರ್ಷದಿಂದ ಬಲ್ಲವನು. ಹುಡುಗಿಯ ಕಡೆ ನೋಡಿದ. ಅವಳು ರೂಢಿಯ ಪ್ರಕಾರ ಮೀಸೆ ತಿರುವುತ್ತ ನಿಂತಿದ್ದಳು. ಅವನು ತನ್ನ ನುಣ್ಣನೆಯ ಮೂತಿ ಸವರಿಕೊಂಡ. "ಉಣ್ಣೂತನಕ ಅಷ್ಟಽ," ಎಂದು ಹೋದ.

ಮರುದಿನ ಊಟದ ಹೊತ್ತಿಗೆ ಮಗ್ಗ ನಿಂತವು. ಸಕ್ರಪ್ಪ ಬುತ್ತಿ ಬಿಚ್ಚಿ ಗೋಡೆಯ ಕಡೆ ಮುಖ ಮಾಡಿ ಕುಂತಿದ್ದ. ಅಂಕಿತಾ ಒಂದು ಹಕ್ಕರಿಕೆ ಸೊಪ್ಪಿನ ಸಿವುಡು ಹಿಡಿದು ಅವನ ಬೆನ್ನ ಹಿಂದೆ ಬಂದು ನಿಂತಳು. "ಅಪ್ಪಾ," ಅಂದಳು. ಅವನು ತುತ್ತು ಮುರಿದ. "ಅಪ್ಪಾ, ಹಕ್ಕರಿಕಿ." ಅವನು ಉಣ್ಣುತ್ತಲೇ ಇದ್ದ. ಹುಡುಗಿ ಇನ್ನೊಮ್ಮೆ ಕರೆದಳು. ಆಮೇಲೆ ಸಿವುಡನ್ನು ಅವನ ಬಗಲಿಗೆ ಇಟ್ಟು ಹೋದಳು. ಅವನು ಅದನ್ನು ನೋಡಿ, ಅವಳು ಹೋದ ದಾರಿ ನೋಡಿ ನಕ್ಕ.

"ಲೇ ಸಕ್ರಪ್ಪ," ಎಂದು ನಾನು ಅವನೆದುರು ನಿಂತೆ. "ಕಲ್ಲೇನಲೇ ನೀನು? ಕೂಸು ಅಷ್ಟು ಕರೀತು, ತಿರಗಿ ನೋಡಾಕ ಏನಾಗಿತ್ತು ಧಾಡಿ?"

ಅವನ ಮುಖದ ನಗು ಅಳ್ಳಾಡಿತು. ನನ್ನ ಬಾಯಿಯನ್ನೇ ನೋಡಿದ. "ಹೂಂ," ಅಂದ. ನಾನು ನನ್ನ ಗಂಗಾಳ ಎತ್ತಿಕೊಂಡು ಹೊರಗೆ ಹೋಗಿ ಉಂಡೆ.

ಸೂಟಿ ಮುಗಿದು ಸಾಲಿ ತೆರೆಯಿತು. ಅಕ್ಕೋರ ಮುಂದೆ ಅಂಕಿತಾ ನಿಂತಳು. ಹಿಂದೆ ಬಾಗಿಲ ಹತ್ತಿರ ನಾವು ಮೂವರು. ಚನ್ನಮ್ಮನ ತುಟಿ ಪಿಟಿಪಿಟಿ ಅನ್ನುತ್ತಿತ್ತು, ಯಾವ ದೇವರಿಗೆ ಏನು ಹರಕೆ ಹೊರುತ್ತಿದ್ದಳೋ.

"ನಿಮ್ಮ ಮನ್ಯಾಗ ಯಾರ್ಯಾರು ಅದಾರ?" ಕೇಳಿದರು ಅಕ್ಕೋರು.

ಹುಡುಗಿಯ ಕೈ ಮೇಲೆದ್ದಿತು. ಎದೆಯ ಹತ್ತಿರ ಬಂದು ನಿಂತಿತು. ಅವಳೇ ಅದನ್ನು ಇನ್ನೊಂದು ಕೈಯಿಂದ ಹಿಡಿದು ಕೆಳಗಿಳಿಸಿದಳು.

"ಅಪ್ಪ. ಅವ್ವ. ಮಗ್ಗ. ನಾನು."

"ಶಾಣ್ಯಾ. ಸೂಟ್ಯಾಗ ಎಲ್ಲಿ ಹೋಗಿದ್ದಿ?"

"ಸಂತಿಗೆ. ನಾನಿ ಜೋಡಿ. ರುಹಿನೂ ಬಂದಿದ್ಲು. ಬದನಿಕಾಯಿ ಹುಳುಕು ಇದ್ವು, ತಗದ ಒಗದ್ವಿ."

ಅಕ್ಕೋರು ನನ್ನ ಕಡೆ ನೋಡಿದರು. ಅವರ ಕಣ್ಣಲ್ಲಿ ನೀರು ಆಡಿತ್ತು ಅಂದರೆ ಸುಳ್ಳಲ್ಲ. "ಇಷ್ಟೆಲ್ಲಾ ಕಲತೀಯಲ್ಲ, ಮನಿಗೆ ಹೋಗಿ ಅಪ್ಪಗ ಹೇಳಿದ್ಯೋ ಇಲ್ಲೋ?"

ಅಂಕಿತಾ ಹಿಂದೆ ತಿರುಗಿ ಅಪ್ಪನನ್ನು ನೋಡಿದಳು.

"ಹೇಳಿದೆ," ಅಂದಳು. "ಅಪ್ಪಗ ಕೇಳ್ಸೂದಿಲ್ಲ. ಅಪ್ಪ ಬರೇ ನಗತಾನ."

ಸಕ್ರಪ್ಪ ನಗುತ್ತಿದ್ದ. ಅಕ್ಕೋರು ತನ್ನನ್ನು ನೋಡುತ್ತಿದ್ದಾರೆ ಎಂದು ಕಂಡು, "ಹೂನ್ರಿ," ಅಂದ. ಚನ್ನಮ್ಮ ತಲೆ ತಗ್ಗಿಸಿದಳು. ಅವಳಿಗೆ ಗೊತ್ತಿತ್ತು.

ದವಾಖಾನೆಯಲ್ಲಿ ಹೂನ್ರಿ ಅಂದದ್ದು, ನಾನು ಬೈಯುತ್ತಿದ್ದರೂ ಮುಂದೆ ಮುಂದೆ ನಡೆದದ್ದು, ಹಕ್ಕರಿಕೆಯ ಸಿವುಡು, ಎಲ್ಲ ಒಂದರ ಹಿಂದೆ ಒಂದು ನನ್ನ ಕಣ್ಣ ಮುಂದೆ ಬಂದವು. ಕಿವಿಗೆ ಕೆಲಸವೇ ಇಲ್ಲದ ಮಗ್ಗದ ಮನೆಯಲ್ಲಿ ಒಬ್ಬನ ಕಿವಿ ಹೋದದ್ದು ಯಾರಿಗೆ ತಿಳಿಯಬೇಕು? ನಾವು ಯಾರೂ ಕಂಡುಹಿಡಿಯದ್ದನ್ನು ಆ ಕೂಸು ಕಂಡುಕೊಂಡಿತ್ತು. ಹೇಳಲು ಮಾತು ಸಿಕ್ಕಿದ್ದು ಆ ದಿನ.

ಸಾಲಿಯ ಅಂಗಳದ ಬೇವಿನ ಕಟ್ಟೆಗೆ ಬಂದಾಗ ಸಕ್ರಪ್ಪ ನನ್ನ ತೋಳು ಹಿಡಿದ. ಹುಡುಗಿಯ ಕಡೆ ತೋರಿ, ಅಂಗೈ ಮೇಲೆ ಮಾಡಿ, ಏನಂದಳು ಅಂತ ಕೇಳಿದ. ನಮ್ಮ ಸನ್ನೆಗಳಲ್ಲಿ ದಾರಕ್ಕೆ ಇದೆ, ನೀರಿಗೆ ಇದೆ, ಸತ್ತ ಸಾವ್ಕಾರನ ಮೀಸೆಗೂ ಇದೆ. ಕಿವಿಗೆ ಇಲ್ಲ. ನಾನು ಅವನ ಕಿವಿ ಮುಟ್ಟಿದೆ. ಎರಡು ಕೈಯ ಬೆರಳು ಕೂಡಿಸಿ ಎಳೆದು ಬಿಟ್ಟೆ.

ಅವನು ಕಟ್ಟೆಯ ಮೇಲೆ ಕುಂತ. ಅವನ ಮುಖದಲ್ಲಿ ನಗು ಇಲ್ಲದ್ದನ್ನು ನಾನು ಆವತ್ತೇ ನೋಡಿದ್ದು.

"ಖರೆ ಹೇಳ್ಯಾಳ," ಅಂದ. ಎಷ್ಟು ಜೋರು ಆಡುತ್ತಿದ್ದೇನೆ ಎಂಬುದು ಅವನಿಗೆ ತಿಳಿಯುತ್ತಿರಲಿಲ್ಲ. "ಈಕಿ ಹುಟ್ಟೂದಕ್ಕಿಂತ ಮೊದಲಽ ಶುರುವಾಗಿತ್ತು ಅಂದಪ್ಪಣ್ಣ. ಹೇಳಿದ್ರ ಕೆಪ್ಪ ಅಂತೀರಿ. ಕೆಪ್ಪ ಸಕ್ರಪ್ಪ ಅಂತ ಹೆಸರು ಬಿದ್ದ್ರ ಸಾಯೂತನಕ ಅದಽ. ನಕ್ಕೋತ ಇದ್ರ ನಗೂ ಸಕ್ರಪ್ಪ ಅಂತೀರಿ, ಅದ ಚಲೋ ಅಲ್ಲೇನು? ಈಕಿ ಜೋಡಿ ಮಾತಾಡಿದ್ರ ಆಕಿ ಏನಂದ್ಲು ಅಂತ ನನಗ ತಿಳೀತಿರಲಿಲ್ಲ. ತಿಳೀಲಿಲ್ಲ ಅನ್ನೂದು ಆಕಿಗೆ ತಿಳದೀತು ಅಂತ ಆಡೂದಽ ಬಿಟ್ಟೆ."

ಅವನ ಬಾಯಿಂದ ಅಷ್ಟು ಮಾತು ಒಟ್ಟಿಗೆ ನಾನು ಕೇಳಿರಲಿಲ್ಲ. ನಾನು ಅವನ ಬಗಲಿಗೆ ಹೋಗಿ ಕುಂತೆ.

ಅಂಕಿತಾ ಅದೇ ಸಾಲಿಯಲ್ಲಿ ಉಳಿದಳು. ಓದಿನಲ್ಲಿ ಇನ್ನೂ ಹಿಂದೆಯೇ ಇದ್ದಾಳೆ, ಆದರೆ ಈಗ ತಿಳಿಯದ್ದನ್ನು "ಹಂಗಂದ್ರ ಏನ್ರಿ?" ಅಂತ ಕೇಳುತ್ತಾಳೆ. ಕೇಳಲು ಬಂದ ಮೇಲೆ ಕಲಿಯುವುದು ತಡವಾದರೂ ಬರುತ್ತದೆ ಅನ್ನುತ್ತಾರೆ ಅಕ್ಕೋರು.

ಸಕ್ರಪ್ಪನದು ಅಷ್ಟು ಸಲೀಸಲ್ಲ. ಅದೇ ಡಾಕ್ಟರಮ್ಮ ಅವನ ಕಿವಿ ನೋಡಿದರು. ಹೋದದ್ದು ತಿರುಗಿ ಬರುವುದಿಲ್ಲವಂತೆ. ಯಂತ್ರ ಹಾಕಿಕೊಂಡರೆ ಸ್ವಲ್ಪ ಕೇಳಬಹುದು, ಆದರೆ ಅದನ್ನು ಹಾಕಿಕೊಂಡು ಮಗ್ಗದ ಮುಂದೆ ನಿಲ್ಲುವಂತಿಲ್ಲ. ಮಗ್ಗದಲ್ಲೇ ಮುಂದುವರಿದರೆ ಉಳಿದದ್ದೂ ಹೋಗುತ್ತದೆ. ಮಗ್ಗ ಬಿಟ್ಟರೆ ಅವನಿಗೆ ಬೇರೆ ಕೆಲಸ ಬರುವುದಿಲ್ಲ. ನಾನು ಇದನ್ನು ಬರೆಯುವ ಹೊತ್ತಿಗೂ ಅವನು ಗೋಡೆಯ ಆಚೆ ದಾರ ಕಟ್ಟುತ್ತಿದ್ದಾನೆ, ಕಿವಿಯಲ್ಲಿ ಅರಳೆ ತುರುಕಿಕೊಂಡು.

ವಾರದ ರಜೆಯ ದಿನ ಅಪ್ಪ ಮಗಳು ಸಂತೆಗೆ ಬರುತ್ತಾರೆ. ಕಳೆದ ವಾರ ನಾನೂ ಅಲ್ಲಿದ್ದೆ. ಅಂಕಿತಾ ಬುಟ್ಟಿಯಿಂದ ಒಂದು ಸಿವುಡು ಎತ್ತಿದಳು. ಅವನು ನಗಲು ಹೊರಟಿದ್ದ. ಅವಳು ಬಿಡಲಿಲ್ಲ. ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ನಗಬ್ಯಾಡ. ನನ್ನ ಬಾಯಿ ನೋಡು ಅಪ್ಪಾ. ಹಕ್ಕರಿಕಿ."

ಅವನು ಅವಳ ತುಟಿಗಳನ್ನೇ ನೋಡಿದ. ಆಮೇಲೆ ಆ ಸಾಲಿನವರೆಲ್ಲ ತಕ್ಕಡಿ ಬಿಟ್ಟು ಈ ಕಡೆ ತಿರುಗುವಷ್ಟು ಜೋರಾಗಿ, "ಹಕ್ಕರಿಕಿ," ಅಂದ.

"ಸಾವಕಾಶ ಅನ್ನೋ ಮಾರಾಯ," ಅಂದಳು ಗುಲಾಬಬಿ. "ನನಗ ಇನ್ನೂ ಕಿವಿ ಅದಾವ."

ಅವನಿಗೆ ಅದು ಕೇಳಿಸಲಿಲ್ಲ. ಅವಳು ಏನಂದಳು ಎಂದು ಮಗಳ ಬಾಯಿ ನೋಡಿದ. ಅಂಕಿತಾ ಅವನ ಗದ್ದ ಬಿಡದೆ, ಒಂದೊಂದೇ ಮಾತು ಬಿಡಿಸಿ ಹೇಳತೊಡಗಿದಳು.